ಡೇಟಾದ ಔಟ್‌ಟರ್ನ್ ನಾಲ್ಕು: ಕುಶಾಲನಗರದ ಕಾಫಿ ಘಟಕವೊಂದರ ಸಾಫ್ಟ್‌ವೇರ್ ಬಿಲ್ಲು

2025ರ ಮಾರ್ಚ್ ಮೊದಲ ವಾರ. ಕೊಡಗಿನಲ್ಲಿ ಎಲ್ಲರೂ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗೆ ಆಕಾಶ ನೋಡುತ್ತಿದ್ದ ದಿನಗಳು. ಕುಶಾಲನಗರದ ಪಕ್ಕದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣಗಿದ ಕಾಫಿ ಸುಲಿದು ಬೀಜ ವಿಂಗಡಿಸುವ ಘಟಕ, ನಡೆಸುವವರ ಆಫೀಸಿನಿಂದ ಫೋನ್ ಬಂತು. ಮಾತಾಡಿದ್ದು ಅಲ್ಲಿನ ಅಕೌಂಟೆಂಟ್. "ಸರ್, ಆ ಸಾಫ್ಟ್‌ವೇರ್‌ನವರು ಕೋಟಾ ಮುಗೀತು ಅಂತ ಮೇಲ್ ಹಾಕಿದ್ದಾರೆ. ವರ್ಷದ ದುಡ್ಡು ಮೊದಲೇ ಕಟ್ಟಿದ್ದೇವಲ್ಲ? ಇನ್ನೂ ಏಳು ತಿಂಗಳು ಬಾಕಿ ಇದೆ."

ನಾನು ಮಡಿಕೇರಿಯಲ್ಲಿ ಕೂತು ಸಣ್ಣ ಉದ್ಯಮಗಳ ಡೇಟಾ ಕೆಲಸ ಮಾಡಿಕೊಡುವವನು. ಇಂಥ ಫೋನ್ ಹೊಸದೇನಲ್ಲ. ಆದರೆ ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅನಿಸಿದ್ದಕ್ಕೆ ಕಾರಣ ಇದೆ. ತಪ್ಪು ಎಲ್ಲಿದೆ ಅಂತ ನಾನು ಮೊದಲು ಅಂದುಕೊಂಡಿದ್ದೆನೋ ಅಲ್ಲಿ ಇರಲಿಲ್ಲ. ಘಟಕದವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರೂ ಬೇಡ, ಸಾಫ್ಟ್‌ವೇರ್ ಕಂಪನಿಯ ಹೆಸರೂ ಬೇಡ. ಅಂಕಿಗಳನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಿದ್ದೇನೆ. ಡಾಲರಿಗೆ 85 ರೂಪಾಯಿ ಅಂತ ಹಿಡಿಯೋಣ.

ಏನಿತ್ತು ಅವರ ಹತ್ತಿರ

ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಗಳಲ್ಲಿ ಒಂದೊಂದು ಖರೀದಿ ಗೋದಾಮು. ಕುಶಾಲನಗರದಲ್ಲಿ ಕ್ಯೂರಿಂಗ್. ನಾಲ್ಕು ಕಡೆಯೂ ಗಾಡಿ ಸಮೇತ ತೂಗುವ ವೇಬ್ರಿಡ್ಜ್, ಪ್ರತಿಯೊಂದಕ್ಕೂ ಒಂದು ಹಳೆಯ ಕಂಪ್ಯೂಟರು, ಅದರಲ್ಲಿ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ. ಲೆಕ್ಕಪತ್ರ ಟ್ಯಾಲಿಯಲ್ಲಿ. ಲಾಟುಗಳ ಸ್ಟಾಕ್ ಬೇರೊಂದು ಪ್ರೋಗ್ರಾಮಿನಲ್ಲಿ. ತೇವ, ಔಟ್‌ಟರ್ನ್ (ಸುಲಿದ ಮೇಲೆ ಎಷ್ಟು ಬೀಜ ಸಿಗುತ್ತೆ ಅನ್ನುವ ಅಳತೆ) ನೋಡುವ ಹುಡುಗ ಎಲ್ಲವನ್ನೂ ಗೂಗಲ್ ಶೀಟ್‌ನಲ್ಲಿ ಬರೆದಿಡುತ್ತಾನೆ. ಇದರ ಮೇಲೆ ಹೊಸದಾಗಿ ಒಂದು ಮೊಬೈಲ್ ಆ್ಯಪ್, ಬೆಳೆಗಾರರ ತೋಟದ ಗಡಿ ಗುರುತಿಸೋಕೆ.

ಆ್ಯಪ್ ಬಂದದ್ದು ಯುರೋಪಿನ ಕಾನೂನಿನಿಂದ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲ ಅಂತ ಅಲ್ಲಿನ ಆಮದುದಾರ ತೋರಿಸಬೇಕು. ಅದಕ್ಕೆ ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಬೇಕು, ದಶಮಾಂಶದ ನಂತರ ಆರು ಅಂಕಿ. ತೋಟ 4 ಹೆಕ್ಟೇರ್ ದಾಟಿದರೆ, ಅಂದರೆ ಸುಮಾರು 10 ಎಕರೆ, ಪೂರ್ತಿ ಗಡಿ ಬೇಕು. ಅದಕ್ಕಿಂತ ಸಣ್ಣದಕ್ಕೆ ಒಂದು ಬಿಂದು ಸಾಕು. ಇದು 2024ರ ಡಿಸೆಂಬರ್ 30ಕ್ಕೆ ಜಾರಿಯಾಗಬೇಕಿತ್ತು. ಕೊನೇ ಗಳಿಗೆಯಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿದರು. ಆಮೇಲೆ ಮತ್ತೊಂದು ವರ್ಷ. ಆದರೆ ಕೊಳ್ಳುವವರು ಕಾಯಲಿಲ್ಲ, ಆಗಲೇ ಕೇಳೋಕೆ ಶುರು ಮಾಡಿದ್ದರು: ಈ ಕಂಟೇನರಿನ ಕಾಫಿ ಯಾವ ಯಾವ ತೋಟದ್ದು?

ಉತ್ತರ ಐದು ಕಡೆ ಚೆಲ್ಲಾಪಿಲ್ಲಿ. ತೂಕದ ಚೀಟಿ ಒಂದು ಕಡೆ, ಲಾಟು ನಂಬರು ಇನ್ನೊಂದು ಕಡೆ, ತೋಟದ ನಕ್ಷೆ ಮತ್ತೊಂದು ಕಡೆ. ಇವನ್ನೆಲ್ಲ ಆಗಾಗ ಹೋಗಿ ಓದಿ, ಒಂದೇ ಜಾಗಕ್ಕೆ ತಂದು ಸುರಿಯುವ ಕೆಲಸಕ್ಕೆ ಡೇಟಾ ಇಂಟಿಗ್ರೇಷನ್ ಅಂತಾರೆ. ಹಾಲಿನ ವ್ಯಾನು ಊರೂರು ಸುತ್ತಿ ಡೈರಿಗೆ ಹಾಲು ತರುವ ಹಾಗೆ. ಬೆಂಗಳೂರಲ್ಲಿ ಐದು ವರ್ಷ ಕೆಲಸ ಮಾಡಿ ಊರಿಗೆ ಬಂದಿದ್ದ ಮಾಲೀಕರ ಮಗಳು, ಸೆಪ್ಟೆಂಬರಿನಲ್ಲಿ ಇಂಥದೊಂದು ಕ್ಲೌಡ್ ಸಾಫ್ಟ್‌ವೇರನ್ನು 14 ದಿನ ಉಚಿತವಾಗಿ ಹಾಕಿ ನೋಡಿದರು. ಒಂದು ಮಧ್ಯಾಹ್ನದಲ್ಲಿ ಎಲ್ಲ ಜೋಡಣೆ ಆಯ್ತು. ನಿಜವಾಗಿಯೂ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಅಕ್ಟೋಬರ್ 1ರಿಂದ ಒಂದು ವರ್ಷದ ಒಪ್ಪಂದ.

ಒಪ್ಪಂದದಲ್ಲಿ ಏನಿತ್ತು

ಬಿಲ್ಲಿನ ಅಳತೆ "ತಿಂಗಳ ಸಕ್ರಿಯ ಸಾಲು". ಟೇಬಲ್ಲಿನ ಒಂದು ಸಾಲು ಆ ತಿಂಗಳಲ್ಲಿ ಹೊಸದಾಗಿ ಬಂದರೆ ಅಥವಾ ಬದಲಾದರೆ ಅದು ಒಂದು ಎಣಿಕೆ. ಅದೇ ಸಾಲು ತಿಂಗಳಲ್ಲಿ ನೂರು ಸಲ ಬದಲಾದರೂ ಒಂದೇ. ಮುಂದಿನ ತಿಂಗಳು ಮತ್ತೆ ಸೊನ್ನೆಯಿಂದ. ಇಂಥ ಸಾಫ್ಟ್‌ವೇರ್ ಮಾರುವ ಫೈವ್‌ಟ್ರಾನ್ ಕಂಪನಿ ಈ ಅಳತೆಯನ್ನು ಎಲ್ಲರಿಗೂ ಪರಿಚಯ ಮಾಡಿಸಿತು. ಈಗ ಬೇರೆಯವರೂ ಇದನ್ನೋ ಇದರ ತಮ್ಮನನ್ನೋ ಬಳಸುತ್ತಾರೆ.

ನಮ್ಮವರಿಗೆ ಸಿಕ್ಕ ದರ: ವರ್ಷಕ್ಕೆ 60 ಲಕ್ಷ ಸಾಲು, 6,000 ಡಾಲರ್, ಮುಂಗಡ. ಅಂದರೆ ಸಾವಿರ ಸಾಲಿಗೆ ಒಂದು ಡಾಲರ್. ಮೀರಿದರೆ ಸಾವಿರಕ್ಕೆ ಒಂದೂವರೆ ಡಾಲರ್. ಎಸ್‌ಕ್ಯೂಎಲ್ ಸರ್ವರಿಗೆ ಜೋಡಣೆ ಬೇಕು ಅಂದರೆ ಕೆಳಗಿನ ಪ್ಲಾನಿನಲ್ಲಿ ಇಲ್ಲ, ಮೇಲಿನದೇ ತಗೋಬೇಕು. ಆ ಪ್ಲಾನಿನ ಕನಿಷ್ಠ ಮೊತ್ತವೇ 6,000. ಉಳಿದ ಸಾಲುಗಳು ಮುಂದಿನ ವರ್ಷಕ್ಕೆ ಹೋಗುವುದಿಲ್ಲ. 60 ದಿನ ಮೊದಲು ಬೇಡ ಅಂತ ಬರೆದು ಕಳಿಸದಿದ್ದರೆ ಒಪ್ಪಂದ ತಾನಾಗಿ ಮುಂದುವರಿಯುತ್ತದೆ.

60 ಲಕ್ಷ ಎಲ್ಲಿಂದ ಬಂತು? ಟ್ರಯಲ್‌ನ 14 ದಿನಕ್ಕೆ ಸುಮಾರು 1.4 ಲಕ್ಷ ಸಾಲು ಆಗಿತ್ತು. ತಿಂಗಳಿಗೆ 3 ಲಕ್ಷ. ಇರಲಿ ಅಂತ 5 ಲಕ್ಷ ಮಾಡಿದರು. ಹನ್ನೆರಡರಿಂದ ಗುಣಿಸಿದರು.

ಕೊಡಗಿನವರು ಇಲ್ಲಿಗೇ ನಗುತ್ತಾರೆ ಅಂತ ನನಗೆ ಗೊತ್ತು. ಸೆಪ್ಟೆಂಬರಿನಲ್ಲಿ ಕಾಫಿ ಗೋದಾಮಿನಲ್ಲಿ ಏನು ನಡೆಯುತ್ತೆ? ಅರೇಬಿಕಾ ಕೊಯ್ಲು ನವೆಂಬರಿನ ಹೊತ್ತಿಗೆ, ರೊಬಸ್ಟಾ ಜನವರಿಯಿಂದ. ಸೆಪ್ಟೆಂಬರಿನಲ್ಲಿ ವೇಬ್ರಿಡ್ಜ್ ಮೇಲೆ ನಾಯಿ ಮಲಗಿರುತ್ತೆ. ಆ ನಾಯಿಯ ತೂಕ ನೋಡಿ ವರ್ಷದ ಲೆಕ್ಕ ಕಟ್ಟಿದ ಹಾಗಾಯ್ತು. ಮಾರುವವರಿಗೆ ನಮ್ಮ ಹಂಗಾಮು ಗೊತ್ತಿರಲಿಲ್ಲ. ನಮ್ಮವರಿಗೆ ಗೊತ್ತಿತ್ತು, ಹೇಳಬೇಕು ಅಂತ ಹೊಳೆಯಲಿಲ್ಲ.

ಅಕ್ಟೋಬರ್ 3 ಲಕ್ಷ, ನವೆಂಬರ್ 4, ಡಿಸೆಂಬರ್ 12, ಜನವರಿ 21. ಫೆಬ್ರವರಿ 26. ಐದು ತಿಂಗಳಿಗೆ 66 ಲಕ್ಷ. ಕೋಟಾ ಫೆಬ್ರವರಿ ಮುಗಿಯುವ ಮೊದಲೇ ಖಾಲಿ.

ಹಂಗಾಮು ಅಂತ ಬಿಟ್ಟುಬಿಡಬಹುದಿತ್ತು

ಆಫೀಸಿನಲ್ಲಿ ಎಲ್ಲರೂ ಅಂದಿದ್ದು ಅದನ್ನೇ. "ಹಂಗಾಮು ಅಲ್ವಾ, ಜಾಸ್ತಿ ಆಗೇ ಆಗುತ್ತೆ." ನನಗೆ ಸಮಾಧಾನ ಆಗಲಿಲ್ಲ. ತೂಕದ ಚೀಟಿ ನಾಲ್ಕೂ ಕಡೆ ಸೇರಿ ದಿನಕ್ಕೆ ಹೆಚ್ಚೆಂದರೆ 400. ತಿಂಗಳಿಗೆ 11 ಸಾವಿರ ಚಿಲ್ಲರೆ. ಅದು 26 ಲಕ್ಷ ಹೇಗಾಗುತ್ತೆ?

ಮೊದಲು ನನ್ನ ಅನುಮಾನ ಹೋದದ್ದು ಆ ಚೀಟಿಯ ಟೇಬಲ್ಲಿನ ಮೇಲೇ. ಅದಕ್ಕೆ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ನಂಬರು, ಇರಲಿಲ್ಲ. ಕೀ ಇಲ್ಲದಿದ್ದರೆ ಇಂಥ ಸಾಫ್ಟ್‌ವೇರ್ ಸಾಲಿನಲ್ಲಿರುವ ಎಲ್ಲವನ್ನೂ ಅರೆದು ತನ್ನದೇ ಒಂದು ಗುರುತು ಮಾಡಿಕೊಳ್ಳುತ್ತೆ. ಒಂದು ಅಂಕಿ ಬದಲಾದರೂ ಅದಕ್ಕೆ ಅದು ಹೊಸ ಸಾಲು. ನಮ್ಮ ಚೀಟಿಯ ದಾರಿ ನೋಡಿ: ಪಿಕಪ್ ತುಂಬಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಇನ್ನೊಂದು, ಸಂಜೆ ಔಟ್‌ಟರ್ನ್ ನಂಬರು, ಮಾರನೇ ದಿನ ರೇಟು. ಒಂದು ಚೀಟಿ, ನಾಲ್ಕು ಎಣಿಕೆ. ಕಳ್ಳ ಸಿಕ್ಕಿದ ಅಂತ ಖುಷಿಯಾಗಿ ಕಾಫಿ ತರಿಸಿದೆ. ಗುಣಿಸಿ ನೋಡಿದರೆ 45 ಸಾವಿರ. 26 ಲಕ್ಷದಲ್ಲಿ 45 ಸಾವಿರ! ಕಳ್ಳ ಹೌದು, ಆದರೆ ಕಾಫಿ ಕದ್ದವನಲ್ಲ, ಗೋಣಿಯ ದಾರ ಕದ್ದವನು.

ಆಮೇಲೆ ಟೇಬಲ್‌ವಾರು ಎಣಿಕೆ ಇಳಿಸಿಕೊಂಡೆ. ಇದನ್ನು ಮೊದಲೇ ಮಾಡಬೇಕಿತ್ತು. ಈ ವರದಿ ಸಾಫ್ಟ್‌ವೇರಿನಲ್ಲೇ ಇತ್ತು, ಯಾರೂ ತೆರೆದಿರಲಿಲ್ಲ.

ಫೆಬ್ರವರಿಯ 26 ಲಕ್ಷ ಹೀಗಿತ್ತು. ಜಿಪಿಎಸ್ ಬಿಂದುಗಳು 9.7 ಲಕ್ಷ. ಸ್ಟಾಕ್‌ನ ಲಾಟು ಸಾಲುಗಳು 9.2 ಲಕ್ಷ. ಆ್ಯಪ್‌ನಲ್ಲಿ ಯಾರು ಯಾವ ಬಟನ್ ಒತ್ತಿದರು ಅನ್ನುವ ಲಾಗ್ 4.6 ಲಕ್ಷ. ಟ್ಯಾಲಿ 1.6 ಲಕ್ಷ. ತೂಕದ ಚೀಟಿ, ಔಟ್‌ಟರ್ನ್ ಶೀಟ್ ಎರಡೂ ಸೇರಿ ಲಕ್ಷಕ್ಕಿಂತ ಕಡಿಮೆ.

ಜಿಪಿಎಸ್ ಕತೆ ಸುಲಭ. ಏಳು ಜನ ಫೀಲ್ಡ್ ಹುಡುಗರು. ಆ್ಯಪ್ ಅವರ ಫೋನಿನಿಂದ 5 ಸೆಕೆಂಡಿಗೊಮ್ಮೆ ಜಾಗ ಕಳಿಸುತ್ತೆ. ಗಡಿ ನಡೆಯುವಾಗ ಮಾತ್ರ ಅಲ್ಲ, ಎಂಟು ಗಂಟೆಯೂ. ಒಬ್ಬನಿಗೆ ದಿನಕ್ಕೆ 5,760 ಸಾಲು. ಏಳು ಜನ, 24 ದಿನ, 9.7 ಲಕ್ಷ ಆಗೇ ಆಗುತ್ತೆ. ಯಾಕೆ ಇಟ್ಟಿದ್ದು ಅಂತ ಆ್ಯಪ್ ಮಾಡಿದವನನ್ನು ಕೇಳಿದೆ. "ಪೆಟ್ರೋಲ್ ಭತ್ಯೆ ಲೆಕ್ಕಕ್ಕೆ ಬೇಕಾಗಬಹುದು ಅಂತ ಸರ್." ಒಂದು ದಿನವೂ ಯಾರೂ ಅದನ್ನು ತೆಗೆದು ನೋಡಿಲ್ಲ. ಹುಡುಗರಿಗೆ ಭತ್ಯೆ ಕೊಡೋದು ಬೈಕಿನ ಮೀಟರ್ ಫೋಟೋ ನೋಡಿ.

ಈ ಟೇಬಲ್ ಅಕ್ಟೋಬರಿನಲ್ಲಿ ಇರಲೇ ಇಲ್ಲ. ಜನವರಿಯಲ್ಲಿ ಆ್ಯಪ್‌ನ ಹೊಸ ಆವೃತ್ತಿ ಜೊತೆ ಬಂತು. ಹಾಗಾದರೆ ಬಿಲ್ಲಿಗೆ ಹೇಗೆ ಸೇರಿತು? ಸೆಟ್ಟಿಂಗ್‌ನಲ್ಲಿ "ಹೊಸ ಟೇಬಲ್ ಬಂದರೆ ತಾನಾಗಿ ಸೇರಿಸು" ಅನ್ನುವುದಕ್ಕೆ ಟಿಕ್ ಇತ್ತು. ಮೊದಲ ದಿನದಿಂದಲೇ ಇದ್ದ ಟಿಕ್, ಯಾರೂ ಹಾಕಿದ್ದಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮಾರುವವರ ಮೇಲೆ ಬೇಸರ ಪಡಬೇಕಾದ ಜಾಗ ಇದೊಂದೇ. ಎಣಿಸಿ ದುಡ್ಡು ತಗೊಳ್ಳುವವರು ಎಣಿಕೆ ಹೆಚ್ಚಿಸುವ ಟಿಕ್ಕನ್ನು ತಾವೇ ಹಾಕಿ ಇಟ್ಟಿರಬಾರದು.

ಒಂದನೇ ತಾರೀಕಿನ ರಾತ್ರಿ

ಸ್ಟಾಕ್‌ನ 9.2 ಲಕ್ಷ ಬಿಡಿಸೋಕೆ ಎರಡು ದಿನ ಹಿಡಿಯಿತು. ಹೊಸ ಲಾಟುಗಳು ತಿಂಗಳಿಗೆ ಕೆಲವು ಸಾವಿರ ಅಷ್ಟೇ. ಉಳಿದವು ಹಳೆಯವು. 2017ರಿಂದ ಮಾರಿ ಮುಗಿಸಿದ, ಹಡಗು ಹತ್ತಿ ಹೋದ, ಯಾರೋ ಇಟಲಿಯಲ್ಲಿ ಕುಡಿದು ಮುಗಿಸಿದ ಕಾಫಿಯ ಸಾಲುಗಳು. ಅವು ಯಾಕೆ ಈಗ ಬದಲಾಗುತ್ತಿವೆ?

ಆ ಹಂಗಾಮಿನಲ್ಲಿ ರೊಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿತ್ತು. ಮಾಲೀಕರಿಗೆ ಪ್ರತಿ ಬೆಳಗ್ಗೆ ಒಂದೇ ಪ್ರಶ್ನೆ: ಗೋದಾಮಿನಲ್ಲಿ ಇವತ್ತಿನ ರೇಟಿಗೆ ಎಷ್ಟು ದುಡ್ಡು ಇದೆ? ಅದಕ್ಕೆ ಡಿಸೆಂಬರಿನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಹಾಕಿಸಿದರು. ರಾತ್ರಿ ಹನ್ನೊಂದಕ್ಕೆ ಅದು ಎದ್ದು, ದಿನದ ರೇಟು ತಗೊಂಡು, ಲಾಟು ಟೇಬಲ್ಲಿನ ಪ್ರತಿ ಸಾಲಿನಲ್ಲೂ "ಇಂದಿನ ಬೆಲೆ" ಅನ್ನುವ ಕಾಲಂ ತಿದ್ದುತ್ತೆ. ಪ್ರತಿ ಸಾಲು. ಸ್ಟಾಕ್ ಸೊನ್ನೆ ಇರುವ ಲಾಟಿಗೂ. ಸೊನ್ನೆ ಮೂಟೆಗೆ ಹೊಸ ರೇಟು ಗುಣಿಸಿದರೆ ಸೊನ್ನೆಯೇ ಬರುತ್ತೆ, ಆದರೆ ಪಕ್ಕದಲ್ಲೇ "ಕೊನೆಗೆ ತಿದ್ದಿದ ಸಮಯ" ಅನ್ನುವ ಕಾಲಂ ಇತ್ತಲ್ಲ. ಅದು ಬದಲಾಯ್ತು. ಸಾಲು ಸಕ್ರಿಯವಾಯ್ತು.

ಇದರ ಕೆಟ್ಟ ಗುಣ ನೋಡಿ. ತಿಂಗಳಿಗೆ ಒಂದು ಸಾಲು ಒಂದೇ ಎಣಿಕೆ ಅನ್ನುವ ನಿಯಮದಿಂದ, 9.2 ಲಕ್ಷವೂ ಪ್ರತಿ ತಿಂಗಳ ಒಂದನೇ ತಾರೀಕಿನ ರಾತ್ರಿಯೇ ಒಟ್ಟಿಗೆ ಬೀಳುತ್ತೆ. ನನಗೆ ಫೋನ್ ಬಂದಾಗ ಮಾರ್ಚ್ ತಿಂಗಳದ್ದು ಆಗಲೇ ಬಿದ್ದಾಗಿತ್ತು. ಏಪ್ರಿಲ್ 1ರ ರಾತ್ರಿಯೊಳಗೆ ಸರಿಮಾಡಬೇಕು, ಇಲ್ಲದಿದ್ದರೆ ಮತ್ತೆ 9.2 ಲಕ್ಷ, ಈ ಸಲ ಒಂದೂವರೆ ಡಾಲರಿನ ದರದಲ್ಲಿ. ಒಂದೇ ರಾತ್ರಿಗೆ 1,380 ಡಾಲರ್. ಮಳೆಗಾಲದಲ್ಲೂ ನಿಲ್ಲೋದಿಲ್ಲ ಇದು. ಕಾಫಿ ಬರಲಿ ಬಿಡಲಿ, ಇಟಲಿಯವರು ಕುಡಿದ ಕಾಫಿಗೆ ನಾವು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಲೇ ಇರಬೇಕು.

ಅಕೌಂಟೆಂಟಿಗೆ ಇದನ್ನು ಹೇಳುವುದು ಹೇಗೆ ಅಂತ ಯೋಚಿಸುತ್ತಿದ್ದೆ. ಸಾಲು, ಕೀ, ಸಕ್ರಿಯ ಅಂತ ಹೇಳಿ ನೋಡಿದೆ, ಕಣ್ಣು ಮಂಜಾಯಿತು. ಆಗ ಲ್ಯಾಬಿನ ಮೇಜಿನ ಮೇಲೆ ಸ್ಯಾಂಪಲ್ ತಟ್ಟೆ ಕಂಡಿತು. ಇಲ್ಲಿ ಚೆರಿ, ಅಂದರೆ ಹಣ್ಣಿನ ಸಮೇತ ಒಣಗಿಸಿದ ಕಾಫಿ, ಕೊಳ್ಳೋದು ಔಟ್‌ಟರ್ನ್ ಮೇಲೆ. 50 ಕಿಲೋ ಚೀಲ ಸುಲಿದರೆ ಎಷ್ಟು ಕಿಲೋ ಬೀಜ ಬರುತ್ತೆ ಅನ್ನೋದು. 26, 28 ಬಂದರೆ ಮಾತು ಮುಂದುವರಿಯುತ್ತೆ. ನಾನು ಕ್ಯಾಲ್ಕುಲೇಟರ್ ತಗೊಂಡೆ. 26 ಲಕ್ಷ ಸಾಲಿನಲ್ಲಿ ಕಂಟೇನರಿನ ಪ್ರಶ್ನೆಗೂ ಗೋದಾಮಿನ ಪ್ರಶ್ನೆಗೂ ನಿಜವಾಗಿ ಬೇಕಾದದ್ದು 2.2 ಲಕ್ಷ. 50 ಕಿಲೋಗೆ ಇಳಿಸಿದರೆ?

"ಅಣ್ಣ, ನಿಮ್ಮ ಡೇಟಾದ ಔಟ್‌ಟರ್ನ್ ನಾಲ್ಕು."

"ನಾಲ್ಕಾ? ಇದನ್ನು ಗೇಟಿನಿಂದಲೇ ವಾಪಸ್ ಕಳಿಸ್ತೀವಿ ಸರ್ ನಾವು."

ಆಮೇಲೆ ಅವರಿಗೆ ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಮಾಲೀಕರ ಮಗಳಿಗೆ ಅವರೇ ಹೇಳಿದರು, ನನಗಿಂತ ಚೆನ್ನಾಗಿ.

ಸುಲಿಯುವ ಕೆಲಸ

ರೇಟನ್ನು ಲಾಟು ಟೇಬಲ್ಲಿನಿಂದ ಹೊರಗೆ ತೆಗೆದು ದಿನಕ್ಕೆ ನಾಲ್ಕೇ ಸಾಲಿನ ಪುಟ್ಟ ಟೇಬಲ್ ಮಾಡಿದೆವು: ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು), ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ. ಗುಣಾಕಾರ ಆ ಕಡೆ, ಎಲ್ಲ ಬಂದು ಸೇರುವ ಜಾಗದಲ್ಲಿ. ಮಾಲೀಕರಿಗೆ ಬೆಳಗ್ಗೆ ಬರುವ ಅಂಕಿ ಅದೇ. ಲಾಟು ಸಾಲನ್ನು ಯಾರೂ ಮುಟ್ಟುವುದಿಲ್ಲ.

ಜಿಪಿಎಸ್ ಬಿಂದುಗಳ ಟೇಬಲ್ ಬಂದ್. ನಡೆದು ಮುಗಿಸಿದ ಗಡಿ ಮಾತ್ರ, ಒಂದು ತೋಟಕ್ಕೆ ಒಂದು ಸಾಲು. ಇನ್ನೂ ಒಂದು ತಮಾಷೆ ಇತ್ತು. ಅವರ ಬೆಳೆಗಾರರಲ್ಲಿ ಹೆಚ್ಚಿನವರದು 10 ಎಕರೆಗಿಂತ ಸಣ್ಣ ತೋಟ. ಗಡಿ ನಡೆಯುವ ಅಗತ್ಯವೇ ಇರಲಿಲ್ಲ, ಕಣದಲ್ಲಿ ನಿಂತು ಒಂದು ಬಿಂದು ಒತ್ತಿದ್ದರೆ ಕಾನೂನಿಗೆ ಸಾಕಿತ್ತು. ಹುಡುಗರು ಜಿಗಣೆ ಕಚ್ಚಿಸಿಕೊಂಡು ಬೇಲಿ ಸುತ್ತಿದ್ದರು. (ಸುತ್ತಿದ್ದು ವ್ಯರ್ಥ ಅಂತ ನಾನು ಹೇಳಲಾರೆ, ಕೊಳ್ಳುವವರಲ್ಲಿ ಕೆಲವರು ಎಲ್ಲದಕ್ಕೂ ಗಡಿ ಕೇಳುತ್ತಾರೆ.)

ಬಟನ್ ಲಾಗ್ ಬಂದ್. ಆ ಟಿಕ್ ತೆಗೆದೆವು. ಚೀಟಿ ಟೇಬಲ್ಲಿಗೆ ಕೀ ಹಾಕಿದೆವು, ದಾರದ ಕಳ್ಳನಾದರೂ ಕಳ್ಳನೇ.

ಮಾರ್ಚ್ ಒಟ್ಟು 14 ಲಕ್ಷಕ್ಕೆ ನಿಂತಿತು. ಫೆಬ್ರವರಿಯ 6 ಸೇರಿಸಿದರೆ ಕೋಟಾ ಮೀರಿದ್ದು 20 ಲಕ್ಷ, 3,000 ಡಾಲರ್. ಮಾಲೀಕರ ಮಗಳು ಟೇಬಲ್‌ವಾರು ವರದಿ ಹಿಡಿದು ಕಂಪನಿಯವರ ಜೊತೆ ಮಾತಾಡಿದರು. ಜಗಳ ಮಾಡಲಿಲ್ಲ. ಟ್ರಯಲ್ ಯಾವ ತಿಂಗಳಲ್ಲಿ ಆಯ್ತು, ಟಿಕ್ ಯಾರು ಹಾಕಿದ್ದು, ಇಷ್ಟನ್ನೇ ಕೇಳಿದರು. ಕಂಪನಿಯವರು ಮೀರಿದ್ದಕ್ಕೂ ಸಾವಿರಕ್ಕೆ ಒಂದು ಡಾಲರಿನ ದರವೇ ಹಾಕಿಕೊಟ್ಟರು: 2,000 ಡಾಲರ್. ವರ್ಷಕ್ಕೆ ಒಟ್ಟು 8,000. 6 ಲಕ್ಷದ 80 ಸಾವಿರ ರೂಪಾಯಿ.

"ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ?" ಅಂದರು ಅಕೌಂಟೆಂಟ್. ಒಳ್ಳೇ ಪ್ರಶ್ನೆ. ಹೊರದೇಶದ ಕಂಪನಿ ನೇರ ಬಿಲ್ ಮಾಡಿದರೆ ಅದರಲ್ಲಿ ಜಿಎಸ್‌ಟಿ ಇರುವುದಿಲ್ಲ. ರಿವರ್ಸ್ ಚಾರ್ಜ್‌ನಲ್ಲಿ ಶೇಕಡಾ 18 ನಾವೇ ಕಟ್ಟಬೇಕು, ಅದೂ ನಗದಾಗಿ, ಕ್ರೆಡಿಟ್‌ನಿಂದ (ಕೊಳ್ಳುವಾಗ ಆಗಲೇ ಕಟ್ಟಿದ ತೆರಿಗೆಯಿಂದ) ಹೊಂದಿಸುವ ಹಾಗಿಲ್ಲ. 1 ಲಕ್ಷದ 22 ಸಾವಿರ. ಬೇರೆ ಉದ್ಯಮಕ್ಕೆ ಅದು ಆಮೇಲೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ಇಲ್ಲಿ ಹಾಗಲ್ಲ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ. ರಫ್ತಾದ ಪಾಲಿಗೆ ಕ್ರೆಡಿಟ್ ಸಿಗುತ್ತೆ, ದೇಶದೊಳಗೆ ಮಾರಿದ ಪಾಲಿಗೆ ಸಿಗೋದಿಲ್ಲ, ಅಷ್ಟು ಭಾಗ ಪೂರ್ತಿ ಖರ್ಚೇ. ಬೆಲೆ ಹೋಲಿಸುವ ಎಷ್ಟೋ ಪಟ್ಟಿ ನೋಡಿದ್ದೇನೆ. ಕಾಫಿ ಬೀಜ ಮಾರುವವನಿಗೆ ಸಾಫ್ಟ್‌ವೇರ್ ಬೆಲೆ ಬೇರೆಯವರಿಗಿಂತ ಜಾಸ್ತಿ ಬೀಳುತ್ತೆ ಅಂತ ಅವುಗಳಲ್ಲಿ ಬರೆದಿದ್ದು ಕಂಡಿಲ್ಲ.

ಬೇರೆ ಏನು ಸಿಗುತ್ತೆ

ಏಪ್ರಿಲ್‌ಗೆ ಆ ಸಾಫ್ಟ್‌ವೇರ್ ನಿಲ್ಲಿಸಿ, ಬೇರೆ ದಾರಿ ನೋಡಿದೆವು. ಇಲ್ಲಿ ಪ್ರತಿಯೊಬ್ಬರ ತಕ್ಕಡಿ ಬೇರೆ. ಒಬ್ಬರು ಸಾಲು ಎಣಿಸುತ್ತಾರೆ. ಒಬ್ಬರು ಗಂಟೆ ಎಣಿಸುತ್ತಾರೆ. ಇನ್ಫರ್ಮ್ಯಾಟಿಕಾದಂಥವರು ತಮ್ಮದೇ ಯೂನಿಟ್ ಮಾಡಿಕೊಂಡು ಅದನ್ನು ಮುಂಗಡ ಮಾರುತ್ತಾರೆ. ಅದು ದೊಡ್ಡವರ ಅಂಗಡಿ, ನಾವು ಬಾಗಿಲಿಗೂ ಹೋಗಲಿಲ್ಲ. ಗೂಗಲ್‌ನ ಕ್ಲೌಡ್ ಡೇಟಾ ಫ್ಯೂಷನ್‌ನ ಬೇಸಿಕ್ ಆವೃತ್ತಿ ಗಂಟೆಗೆ 1.80 ಡಾಲರ್. ಮೊದಲ 120 ಗಂಟೆ ಬಿಟ್ಟರೂ, ಹಗಲು ರಾತ್ರಿ ಉರಿಸಿದರೆ ತಿಂಗಳಿಗೆ ಸುಮಾರು 1,100. ಕೆಲಸ ಮಾಡಲಿ ಬಿಡಲಿ, ಮೀಟರ್ ಓಡುತ್ತೆ. ಟ್ಯಾಲೆಂಡ್ ಓಪನ್ ಸ್ಟುಡಿಯೋ ಉಚಿತ, ಅದನ್ನೇ ಹಾಕಿ ಅಂತ ಬೆಂಗಳೂರಿನ ಗೆಳೆಯ ಹೇಳಿದ. ಅವನಿಗೆ ಸುದ್ದಿ ತಲುಪಿಲ್ಲ. 2023ರಲ್ಲಿ ಕ್ಲಿಕ್ ಕಂಪನಿ ಟ್ಯಾಲೆಂಡನ್ನು ಕೊಂಡಿತು, 2024ರ ಜನವರಿ 31ಕ್ಕೆ ಆ ಉಚಿತ ಆವೃತ್ತಿ ನಿಂತೇ ಹೋಯಿತು.

ಉಳಿದದ್ದು ಎರಡು. ಒಂದು, ಇದೇ ಕೆಲಸ ಮಾಡುವ ಏರ್‌ಬೈಟ್ ಅನ್ನುವ ಸಾಫ್ಟ್‌ವೇರ್ ತಂದು ನಮ್ಮದೇ ಸರ್ವರಿನಲ್ಲಿ ನಡೆಸುವುದು. ಲೈಸೆನ್ಸಿಗೆ ದುಡ್ಡಿಲ್ಲ. ಅದನ್ನೇ ಸೇವೆಯಾಗಿ ಬೇರೆಯವರಿಗೆ ಮಾರುವ ಹಾಗಿಲ್ಲ, ಅಷ್ಟೇ. ನಮಗೆ ಆ ಚಿಂತೆಯಿಲ್ಲ. ಮುಂಬೈಯ ಕ್ಲೌಡ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ಬೇಕು. ಗೋದಾಮಿನಲ್ಲಿ ಇಡುವ ಮಾತೇ ಇಲ್ಲ, ಜುಲೈಯಲ್ಲಿ ಗೋಣಿಕೊಪ್ಪದ ಕರೆಂಟ್ ನಂಬಿಕೊಂಡು ಸರ್ವರ್ ಇಟ್ಟವನು ಯಾರು? ನನಗೆ ಇದೇ ಇಷ್ಟವಾಗಿತ್ತು. ನನಗೆ ಕೈ ಕೂತ ಕೆಲಸ, ತಿಂಗಳು ತಿಂಗಳು ನನಗೆ ಸ್ವಲ್ಪ ದುಡ್ಡೂ ಬರುತ್ತೆ. ಮಾಲೀಕರು ಅಲ್ಲಿಯವರೆಗೆ ಸುಮ್ನೆ ಕೂತು ಕೇಳುತ್ತಿದ್ದರು. ಆಮೇಲೆ ಕೇಳಿದರು, "ನೀವು ಕೆನಡಾಕ್ಕೆ ಹೋದಿರಿ ಅಂದುಕೊಳ್ಳಿ. ಇದನ್ನು ಮಡಿಕೇರಿಯಲ್ಲಿ ಇನ್ಯಾರು ನೋಡ್ತಾರೆ?" ನನಗೆ ಕೆನಡಾಕ್ಕೆ ಹೋಗುವ ಯೋಚನೆಯಿಲ್ಲ. ಆದರೆ ಉತ್ತರವೂ ಇರಲಿಲ್ಲ.

ಎರಡನೆಯದು ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ, ಅಜುರ್ ಡೇಟಾ ಫ್ಯಾಕ್ಟರಿ. ಇದರ ತಕ್ಕಡಿ ಸಾಲು ನೋಡುವುದೇ ಇಲ್ಲ. ಎಷ್ಟು ಸಲ ಓಡಿತು, ಎಷ್ಟು ಹೊತ್ತು ಓಡಿತು, ಅಷ್ಟೇ. ಗೋದಾಮಿನ ಕಂಪ್ಯೂಟರಿನಲ್ಲಿ ಅವರ ಉಚಿತ ಏಜೆಂಟ್ ಪ್ರೋಗ್ರಾಮ್ ಹಾಕಿ ಓಡಿಸಿದರೆ, ಪಟ್ಟಿ ಬೆಲೆ ಸಾವಿರ ಓಟಕ್ಕೆ ಒಂದೂವರೆ ಡಾಲರ್, ನಕಲು ಮಾಡುವ ಹೊತ್ತಿಗೆ ಗಂಟೆಗೆ 10 ಸೆಂಟ್. ಹತ್ತು ಸೆಕೆಂಡಿನಲ್ಲಿ ಮುಗಿದರೂ ಒಂದು ನಿಮಿಷ ಅಂತ ಹಿಡಿಯುತ್ತಾರೆ. ಆ ನಿಮಿಷದಲ್ಲೇ ಎಲ್ಲ ಇರೋದು. ನಮ್ಮದು 20 ಟೇಬಲ್. ಹದಿನೈದು ನಿಮಿಷಕ್ಕೊಮ್ಮೆ ಓಡಿಸಿದರೆ ದಿನಕ್ಕೆ 96 ಸಲ, ತಿಂಗಳಿಗೆ 57,600 ಓಟ. 86 ಡಾಲರ್. ಅಷ್ಟೇ ನಿಮಿಷ, ಅಂದರೆ 960 ಗಂಟೆ, 96 ಡಾಲರ್. ಒಟ್ಟು 180ರ ಮೇಲೆ. ಅದೇ ದಿನಕ್ಕೆ ಎರಡೇ ಸಲ ಸಾಕು ಅಂದರೆ? 1,200 ಓಟ, 20 ಗಂಟೆ. ಎರಡೂ ಸೇರಿ 4 ಡಾಲರ್ ಇಲ್ಲ.

"ಹದಿನೈದು ನಿಮಿಷಕ್ಕೊಮ್ಮೆ ಯಾರಿಗೆ ಬೇಕು?" ಅಂತ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಲೀಕರಿಗೆ ಬೆಳಗ್ಗೆ ಏಳಕ್ಕೆ ಬೇಕು. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಂದು ಸಲ ಸಿಕ್ಕರೆ ಒಳ್ಳೇದು. ಹಳೆಯ ಸಾಫ್ಟ್‌ವೇರ್ ಹದಿನೈದು ನಿಮಿಷಕ್ಕೊಮ್ಮೆ ತರುತ್ತಿತ್ತು, ಆ ಡೇಟಾವನ್ನು ದಿನಕ್ಕೆ ಎರಡು ಸಲವೇ ನೋಡುತ್ತಿದ್ದರು.

ಅಜುರ್ ಆಯ್ತು. ಹಣ ರೂಪಾಯಿಯಲ್ಲೇ ಕಟ್ಟಬಹುದು ಅನ್ನೋದು ಅಕೌಂಟೆಂಟಿಗೆ ಸಮಾಧಾನ. ಓಟ ತಪ್ಪಿದರೆ ಮತ್ತೆ ಓಡಿಸುವ ಬಟನ್ ಅವರೇ ಒತ್ತುತ್ತಾರೆ. ಟ್ಯಾಲಿಯದ್ದು ಸ್ವಲ್ಪ ಕಾಟ ಕೊಟ್ಟಿತು. ಅದಕ್ಕೆ ಸಿದ್ಧ ಜೋಡಣೆ ಇಲ್ಲ. ಅದರ 9000ನೇ ಪೋರ್ಟಿಗೆ ಎಕ್ಸ್‌ಎಂಎಲ್‌ನಲ್ಲಿ ಕೇಳಿ ಫೈಲ್ ಮಾಡಿಸುವ ಸಣ್ಣ ಪ್ರೋಗ್ರಾಮ್ ಬರೆದೆ. ರಾತ್ರಿ ಟ್ಯಾಲಿ ತೆರೆದೇ ಇರಬೇಕು. ಮೊದಲ ವಾರ ವಾಚ್‌ಮನ್ ಕರೆಂಟ್ ಉಳಿಸೋಕೆ ಅಂತ ಕಂಪ್ಯೂಟರ್ ಆರಿಸಿಬಿಡುತ್ತಿದ್ದ.

ಕೊನೆಯ ಲೆಕ್ಕ

ಅಜುರ್ ಬಿಲ್ಲು, ಡೇಟಾ ಇಡುವ ಜಾಗವೂ ಸೇರಿ, ತಿಂಗಳಿಗೆ 10 ಡಾಲರ್ ದಾಟಿಲ್ಲ. ಆದರೆ ಇದನ್ನು 500 ಡಾಲರಿನ ಪಕ್ಕ ಇಟ್ಟು ತೋರಿಸಿದರೆ ಅದು ಸುಳ್ಳು ಲೆಕ್ಕ. ನನ್ನ ಕೂಲಿ 1 ಲಕ್ಷದ 35 ಸಾವಿರ, ಒಂದು ಸಲ. ನೋಡಿಕೊಳ್ಳೋಕೆ ತಿಂಗಳಿಗೆ 6,000 ರೂಪಾಯಿ. ಮೊದಲ ವರ್ಷ 2 ಲಕ್ಷದ 17 ಸಾವಿರ, ಎರಡನೇ ವರ್ಷದಿಂದ 82 ಸಾವಿರ.

ಈಗ ನನಗೆ ಅನುಕೂಲವಲ್ಲದ ಮಾತು. ಸುಲಿದ ಮೇಲೆ ಉಳಿದ ಡೇಟಾ ವರ್ಷಕ್ಕೆ 18 ಲಕ್ಷ ಸಾಲು. ಹಳೆಯ ಸಾಫ್ಟ್‌ವೇರಿನ ದರದಲ್ಲೇ ಅದು 1,800 ಡಾಲರ್, 1 ಲಕ್ಷದ 53 ಸಾವಿರ ರೂಪಾಯಿ. ಮೊದಲ ವರ್ಷಕ್ಕೆ ನನಗಿಂತ ಅವರೇ ಅಗ್ಗ! ಅವರು ಕನಿಷ್ಠ 6,000 ಅನ್ನುವುದನ್ನು ಬಿಟ್ಟಿದ್ದರೆ ನಾನೇ ಅಲ್ಲೇ ಇರಿ ಅನ್ನುತ್ತಿದ್ದೆ. ಕೇಳಿಯೂ ನೋಡಿದೆವು. ಸಣ್ಣ ಪ್ಲಾನ್ ಇದೆ, ಅದರಲ್ಲಿ ಎಸ್‌ಕ್ಯೂಎಲ್ ಸರ್ವರ್ ಜೋಡಣೆ ಇಲ್ಲ. ಅಲ್ಲಿಗೆ ಬಂದು ನಿಂತಿತು. ದುಡ್ಡು ಉಳಿದದ್ದು ಹೆಚ್ಚಾಗಿ ಸುಲಿದದ್ದರಿಂದ. ಸಾಫ್ಟ್‌ವೇರ್ ಬದಲಾಯಿಸಿದ್ದರಿಂದ ಉಳಿದದ್ದು ಆ ಕನಿಷ್ಠ ಮೊತ್ತ.

ಇನ್ನೊಂದು ಬಾಕಿ ಇತ್ತು, ತಾನಾಗಿ ಮುಂದುವರಿಯುವ ಷರತ್ತು. ಒಪ್ಪಂದ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ, 60 ದಿನ ಹಿಂದೆ ಎಣಿಸಿದರೆ ಆಗಸ್ಟ್ 1. ಮರೆತರೆ ಮತ್ತೆ 5 ಲಕ್ಷ. ಮಾಲೀಕರ ಮಗಳು ಫೋನಿನಲ್ಲಿ ಮೂರು ಅಲಾರಂ ಇಟ್ಟರು. ಅಕೌಂಟೆಂಟ್ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಬೀಳುವ ಕೊಡವ ತಿಂಗಳಿನ ದಿನವನ್ನು, "ಕಕ್ಕಡ 16" ಅಂತ, ಕೆಂಪು ಪೆನ್ನಿನಿಂದ ಬರೆದು ಸುತ್ತು ಹಾಕಿದರು. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ, ಅದನ್ನು ಕೊಡಗಿನಲ್ಲಿ ಯಾರೂ ಮರೆಯೋದಿಲ್ಲ, ಅದರ ಎರಡು ದಿನ ಮೊದಲು ಅಂದರೆ ತಪ್ಪೋದಿಲ್ಲ ಅಂತ ಅವರ ಲೆಕ್ಕ.

ಜುಲೈ ಕೊನೆಗೆ ಮೂರು ದಿನ ಮಳೆ, ಆಫೀಸಿನಲ್ಲಿ ನೆಟ್ ಇಲ್ಲ. 31ರ ಸಂಜೆ ಅಕೌಂಟೆಂಟ್ ಕುಶಾಲನಗರ ಬಸ್ ಸ್ಟ್ಯಾಂಡ್ ಹತ್ತಿರ ಜೀಪ್ ನಿಲ್ಲಿಸಿ, ಫೋನಿನ ಹಾಟ್‌ಸ್ಪಾಟ್ ಹಾಕಿ ಮೇಲ್ ಕಳಿಸಿದರು. "ತಲುಪಿದೆ" ಅಂತ ಉತ್ತರ ಬರುವವರೆಗೂ ಜೀಪಿನಿಂದ ಇಳಿಯಲಿಲ್ಲವಂತೆ. ಎರಡು ದಿನ ಬಿಟ್ಟು ನನಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಪಾಯಸ ಬಂತು, ಮುಚ್ಚಳದ ಮೇಲೆ ಚೀಟಿ: "ಔಟ್‌ಟರ್ನ್ 28."